ಡೊಂಬಿವಲಿಯಲ್ಲಿ ಆರಂಭವಾಗುತ್ತಿರುವುದು ತೂಕ ಇಳಿಸುವ ಕೇಂದ್ರವಲ್ಲ: ಸ್ಪಷ್ಟನೆ

ಡೊಂಬಿವಲಿಯಲ್ಲಿ ನಾನು ಆರಂಭಿಸುತ್ತಿರುವ ಖಾಸಗಿ ಮನೋಚಿಕಿತ್ಸಾ ಕೇಂದ್ರದ ಬಗ್ಗೆ, 'ಊಟ ಬಿಟ್ಟು ಸೊರಗಿದ ಹುಡುಗಿಯರಿಗೆ ಮಾತ್ರ ಚಿಕಿತ್ಸೆ, ದಪ್ಪಗಿರುವವರಿಗೆ ತೂಕ ಇಳಿಸುವ ಔಷಧ' ಎಂಬ ಸಂದೇಶವೊಂದು ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಎರಡೂ ಮಾತುಗಳು ತಪ್ಪು.

ನಾನು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ. ಅದರ ಅಗತ್ಯವಿರುವವರನ್ನು ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ.

ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆಗಳು ಯಾವ ಮೈತೂಕದವರಿಗೂ, ಗಂಡಸರಿಗೂ, ನಡುವಯಸ್ಸಿನವರಿಗೂ ಬರುತ್ತವೆ. ಹಿಡಿತ ತಪ್ಪಿ ಅತಿಯಾಗಿ ತಿನ್ನುವ 'ಬಿಂಜ್ ಈಟಿಂಗ್' ಅನ್ನು ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿದೆ. ರಾತ್ರಿ ಹೋಟೆಲಿನ ಶಟರ್ ಎಳೆದ ಮೇಲೆ ಉಳಿದ ಅನ್ನ, ಬನ್ಸುಗಳನ್ನು ನಿಂತಲ್ಲೇ ಹೊಟ್ಟೆ ನೋಯುವವರೆಗೆ ತಿಂದು, ಮರುದಿನ ನಾಚಿಕೆಯಿಂದ ಏನನ್ನೂ ಮುಟ್ಟದ ಕ್ಯಾಶಿಯರನ್ನು ಜನ ಹೊಟ್ಟೆಬಾಕನೆನ್ನುತ್ತಾರೆ. ಸಂಕಷ್ಟಿ, ಏಕಾದಶಿ, ಶನಿವಾರಗಳ ಮರೆಯಲ್ಲಿ ತೂಕದ ಭಯದಿಂದ ಊಟ ತಪ್ಪಿಸುತ್ತ ಬಂದ ಗೃಹಿಣಿಯನ್ನು ದೈವಭಕ್ತೆಯೆಂದು ಹೊಗಳುತ್ತಾರೆ. ವ್ರತ ಮಾಡುವವರೆಲ್ಲ ಕಾಯಿಲೆಯವರೆಂದು ನಾನು ಖಂಡಿತ ಹೇಳುತ್ತಿಲ್ಲ. ಆದರೆ ನೋಡಲು ಆರೋಗ್ಯವಾಗಿರುವಂತೆ ಕಾಣುವುದರಿಂದಲೇ ಮನೆಯವರ, ಎಷ್ಟೋ ಸಲ ವೈದ್ಯರ ಗಮನದಿಂದಲೂ ತಪ್ಪಿಹೋಗುವ ಇಂಥವರಿಗಾಗಿಯೇ ಈ ಕೇಂದ್ರ.

ಗುಟ್ಟು ಬಯಲಾದೀತೆಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ನೀಡಿದೆ. ತಲೆಸುತ್ತಿ ಬೀಳುವುದು, ಪದೇ ಪದೇ ವಾಂತಿ, ಎದೆಬಡಿತದಲ್ಲಿ ಏರುಪೇರು ಇದ್ದವರು ನನಗಾಗಿ ಕಾಯದೆ ಮೊದಲು ಆಸ್ಪತ್ರೆಗೆ ಹೋಗಬೇಕು. ಕೇಂದ್ರ ತೆರೆಯುವ ಮೊದಲೇ ಯಾರೊಡನಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.