ಖಾತೆ ಇದೆ, ಸ್ವತ್ತು ಇಲ್ಲ

“ಪತ್ರ ಎಲ್ಲಿ?” ಎಂದು ದೊಡ್ಡಪ್ಪ ಕೇಳಿದರು.

“ಯಾವ ಪತ್ರ ಅಜ್ಜ?”

“ನಾಲ್ಕು ಸಾವಿರ ಕೊಟ್ಟು ಏನನ್ನೋ ಕೊಂಡೆ ಎಂದೆಯಲ್ಲ, ಅದರ ಪತ್ರ.”

ನನ್ನ ತಂಗಿಯ ಮಗ ತಲೆ ಕೆರೆದುಕೊಂಡ. ಅವನು ಕೊಂಡದ್ದು ಒಂದು ವಿಡಿಯೊ ಗೇಮ್. ಬೆಲೆ 3,999 ರೂಪಾಯಿ. ಇಂಜಿನಿಯರಿಂಗ್ ಓದುವ ಹುಡುಗ. ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಮೂರು ತಿಂಗಳು ಕೂಡಿಟ್ಟ ದುಡ್ಡು. ಡಬ್ಬಿ ಇಲ್ಲ, ಸಿ.ಡಿ. ಇಲ್ಲ. ಮನೆಗೆ ಬಂದದ್ದು ಒಂದು ಇಮೇಲ್, ಆಮೇಲೆ ಎರಡು ರಾತ್ರಿ ಹಿಡಿದು ಇಳಿದ ತೊಂಬತ್ತು ಜಿ.ಬಿ.

ದೊಡ್ಡಪ್ಪ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ದಾವಣಗೆರೆಯ ನೋಂದಣಿ ಕಚೇರಿಯ ಎದುರು ನಲವತ್ತೊಂದು ವರ್ಷ ಕುಳಿತು ಪತ್ರ ಬರೆದವರು. ಹತ್ತಿ ಮಿಲ್ಲಿನ ಕಾರ್ಮಿಕ ಮನೆ ಕೊಂಡಾಗ ಬರೆದದ್ದೂ ಮಿಲ್ಲು ಮುಚ್ಚಿದ ಮೇಲೆ ಅದೇ ಮನೆ ಮಾರಿದಾಗ ಬರೆದದ್ದೂ ಇವರ ಪೆನ್ನೇ. “ಹೋಗಲಿ, ಖಾತೆಯಾದರೂ ನಿನ್ನ ಹೆಸರಿಗೆ ಆಗಿದೆಯೋ?” ಎಂದರು.

“ಖಾತೆ ನನ್ನ ಹೆಸರಿಗೇ ಇದೆ ಅಜ್ಜ. ಪಾಸ್‌ವರ್ಡ್ ಕೂಡ ನನ್ನದೇ.”

ದೊಡ್ಡಪ್ಪನವರಿಗೆ ಸಮಾಧಾನವಾಯಿತು. ಖಾತೆ ಇದ್ದ ಮೇಲೆ ಸ್ವತ್ತು ಇದ್ದೇ ಇರಬೇಕು ಎಂದು ಅವರು ನಂಬಿದ್ದರು. ಆ ನಂಬಿಕೆ ಶನಿವಾರದವರೆಗೆ ಬಾಳಿತು.

ಶನಿವಾರ ನಮ್ಮ ಬೀದಿಯಲ್ಲಿ ಚರಂಡಿ ಅಗೆಯಲು ಬಂದವರು ಇಂಟರ್ನೆಟ್ ಕೇಬಲ್ಲನ್ನೂ ಅಗೆದುಕೊಂಡು ಹೋದರು. ಹುಡುಗ ಆಟ ತೆರೆದ. ಅದು ಎದುರಾಳಿಯಿಲ್ಲದ, ಜೊತೆಗಾರನಿಲ್ಲದ, ಒಬ್ಬನೇ ಕುಳಿತು ಆಡುವ ಆಟ. ತೊಂಬತ್ತು ಜಿ.ಬಿ.ಯೂ ಅವನ ಲ್ಯಾಪ್‌ಟಾಪಿನಲ್ಲೇ ಇದೆ. ಆದರೂ, ಕೊಂಡವನು ನೀನೇ ತಾನೇ ಎಂದು ವಿಚಾರಿಸುವ ಕಂಪನಿಯ ಸರ್ವರ್ ಸಂಪರ್ಕಕ್ಕೆ ಸಿಗುತ್ತಿಲ್ಲ, ಆಮೇಲೆ ಬನ್ನಿ ಎಂದಿತು. ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟರೆ, ಮೊದಲು ಹನ್ನೆರಡು ಜಿ.ಬಿ. ಅಪ್‌ಡೇಟ್ ಇಳಿಸಿಕೊಳ್ಳಿ ಎಂದಿತು. ಹುಡುಗನದು ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಯಾಕು. ಲೆಕ್ಕ ಹಾಕಿದರೆ ಮುಂದಿನ ಶನಿವಾರ ಸಂಜೆಗೆ ಆಟಕ್ಕೆ ಕೂರಬಹುದು, ಅಷ್ಟರೊಳಗೆ ಇನ್ನೊಂದು ಅಪ್‌ಡೇಟ್ ಬರದಿದ್ದರೆ.

ಅದೇ ಶನಿವಾರ, ಎರಡು ಮನೆ ಆಚೆ, ಅವನ ಗೆಳೆಯ ಅದೇ ಆಟದ, ಬೀಗ ಒಡೆದ ಕಳ್ಳ ನಕಲನ್ನು ಪೆನ್‌ಡ್ರೈವಿನಿಂದ ಹಾಕಿಕೊಂಡು ಬೆಳಗಿನಿಂದ ಆಡುತ್ತಿದ್ದ. ಒಂದು ಪೈಸೆ ಕೊಟ್ಟವನಲ್ಲ. ಅವನನ್ನು ಯಾವ ಸರ್ವರೂ ನೀನು ಯಾರಪ್ಪ ಎಂದು ಕೇಳಲಿಲ್ಲ.

ಚಿತ್ರದುರ್ಗ ನಮಗೆ ಒಂದು ಗಂಟೆಯ ದಾರಿ. ಏಳು ಸುತ್ತಿನ ಕೋಟೆ ಕಟ್ಟಿದವರಿಗೂ ಒಂದು ಕಿಂಡಿ ಕಣ್ತಪ್ಪಿತ್ತು, ನಿಜ. ಆದರೆ ಓಬವ್ವ ಒನಕೆ ಹಿಡಿದು ನಿಂತದ್ದು ಆ ಕಿಂಡಿಯ ಬಳಿ. ಗೇಮ್ ಕಂಪನಿಗಳವರು ಅವಳನ್ನು ಅಲ್ಲಿಂದ ಎಬ್ಬಿಸಿ ಹೆಬ್ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ಸುಂಕ ಕಟ್ಟಿ, ಚೀಟಿ ಹಿಡಿದು, ಚಪ್ಪಲಿ ಬಿಟ್ಟು ಒಳಗೆ ಬರುವವನ ನೆತ್ತಿಗೆ ಒನಕೆ. ಅತ್ತ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬರ ಹಿಂದೆ ಒಬ್ಬರು ಆರಾಮವಾಗಿ ನುಸುಳುತ್ತಿದ್ದಾರೆ. 2008ರಲ್ಲಿ ಬಂದ ‘ಸ್ಪೋರ್’ ಎಂಬ ಆಟವನ್ನು ಕೊಂಡವರು ಮೂರು ಕಂಪ್ಯೂಟರುಗಳಿಗೆ ಮಾತ್ರ ಹಾಕಿಕೊಳ್ಳಬಹುದು ಎಂದು ಬೀಗ ಜಡಿದಿದ್ದರು. ಆ ವರ್ಷ ಜನ ಕದ್ದು ಇಳಿಸಿಕೊಂಡ ಆಟಗಳಲ್ಲಿ ಅದೇ ಮೊದಲು. ಇನ್ನೂ ಹಿಂದೆ, 2005ರಲ್ಲಿ, ಸೋನಿ ಬಿಎಂಜಿಯ ಹಾಡಿನ ಸಿ.ಡಿ.ಗಳು ನಕಲು ತಡೆಯುವ ನೆಪದಲ್ಲಿ ಕೊಂಡವರ ಕಂಪ್ಯೂಟರಿನೊಳಗೆ ಹೇಳದೆ ಕೇಳದೆ ಒಂದು ತಂತ್ರಾಂಶವನ್ನು ಅಡಗಿಸಿಟ್ಟಿದ್ದವು. ಬಳೆ ಮಾರಲು ಬಂದವನು ಅಟ್ಟ ಹತ್ತಿ ಕುಳಿತ ಹಾಗೆ.

ಕಳ್ಳನ ಪರ ವಕಾಲತ್ತು ವಹಿಸಲು ನಾನು ಬಂದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಂ ಸೇರಿಸಿದ್ದಾರೆ. ನಕಲು ಮಾಡುವ ಉದ್ದೇಶದಿಂದ ಇಂಥ ಬೀಗ ಒಡೆದವನಿಗೆ ಎರಡು ವರ್ಷದವರೆಗೆ ಸೆರೆ. ಸರಿಯೇ. ದುಡ್ಡು ಕೊಟ್ಟವನನ್ನೇ ಬೀಗದ ಹೊರಗೆ ನಿಲ್ಲಿಸಿದವನಿಗೆ ಎಷ್ಟು ವರ್ಷ ಎಂದು ಹಿಂದಿನ ಮುಂದಿನ ಕಲಂಗಳನ್ನೂ ಓದಿದೆ. ಸಿಗಲಿಲ್ಲ.

ಭಾನುವಾರ ಹುಡುಗ ಒಂದು ಸತ್ಯ ಬಾಯಿಬಿಟ್ಟ. ಕೊಳ್ಳುವಾಗ ಉದ್ದನೆಯ ಕರಾರೊಂದು ಬಂದಿತ್ತು. ಅವನು ಕೆಳಗಿನವರೆಗೆ ಸರ್ರನೆ ಎಳೆದು ‘ಒಪ್ಪಿದ್ದೇನೆ’ ಎಂದು ಒತ್ತಿದ್ದ.

ದೊಡ್ಡಪ್ಪ ಕನ್ನಡಕ ತೆಗೆದರು. “ಓದದೆ ಹೆಬ್ಬೆಟ್ಟು ಒತ್ತಿದೆಯಾ? ಅಕ್ಷರ ಬಾರದವರು ನನ್ನ ಹತ್ತಿರ ಬಂದಾಗ ಪತ್ರವನ್ನು ಪೂರ್ತಿ ಓದಿ ಹೇಳಿ, ‘ಓದಿಸಿ ಕೇಳಿ ತಿಳಿದು ಒಪ್ಪಿದ್ದಾರೆ’ ಎಂದು ಷರಾ ಬರೆದ ಮೇಲೆ ಹೆಬ್ಬೆಟ್ಟು ಹಾಕಿಸುತ್ತಿದ್ದೆ. ನಿನ್ನನ್ನು ಓದಿಸಲು ನಿಮ್ಮಪ್ಪ ಎಷ್ಟು ಖರ್ಚು ಮಾಡಿದ?”

ಕರಾರು ಕಾಗದದ ಮೇಲೆ ಬರಬೇಕು ಎಂದು ಅಪ್ಪಣೆಯಾಯಿತು. ನಮ್ಮ ಮನೆಯಲ್ಲಿ ಒಂದು ಪ್ರಿಂಟರ್ ಇದೆ. ಮುದ್ರಿಸಬೇಕಾದದ್ದು ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಕಪ್ಪು ಶಾಯಿ ತುಂಬಿದೆ. ಆದರೆ ಹಳದಿ ಮುಗಿದಿದೆಯಂತೆ, ಅದಕ್ಕೆ ಮುದ್ರಿಸುವುದಿಲ್ಲವಂತೆ. ಅರಿಶಿನ ಮುಗಿದಿದೆ ಎಂದು ಕುಂಕುಮವನ್ನೂ ಕೊಡದ ಮನೆಯನ್ನು ನಾನು ಕಂಡಿಲ್ಲ, ಪ್ರಿಂಟರನ್ನು ಕಂಡೆ. ಶಾಯಿ ತುಂಬಿಸಿ ತಂದ ಹಳದಿ ಡಬ್ಬಿ ಹಾಕಿದರೆ ಅದರ ಚಿಪ್ಪನ್ನು ಮೂಸಿ ನೋಡಿ, ಇದು ನಮ್ಮ ಕುಲದ್ದಲ್ಲ ಎಂದು ಉಗುಳಿತು. ಕೊನೆಗೆ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ, ಹಾಳೆಗೆ ಎರಡು ರೂಪಾಯಿಯಂತೆ, ಒಂದೇ ಮಗ್ಗುಲಿಗೆ 41 ಹಾಳೆ. 82 ರೂಪಾಯಿ. ಈ ಇಡೀ ವ್ಯವಹಾರದಲ್ಲಿ ಕೊಟ್ಟ ದುಡ್ಡಿಗೆ ಕೈಗೆ ವಸ್ತು ಬಂದದ್ದು ಇದೊಂದೇ ಸಲ.

ಕಟ್ಟೆಯ ಮೇಲೆ ಮಂಡಕ್ಕಿ ತಟ್ಟೆ, ಎರಡು ಮಿರ್ಚಿ, ಕೆಂಪು ಪೆನ್ಸಿಲ್. ದೊಡ್ಡಪ್ಪನವರ ಇಂಗ್ಲಿಷು ಕಂದಾಯ ಇಲಾಖೆಯ ಇಂಗ್ಲಿಷು; ಕರಾರು ಓದಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಮೂರನೆಯ ಹಾಳೆಗೇ ಪೆನ್ಸಿಲ್ ನಿಂತಿತು.

“ಗುಂಡಿಯ ಮೇಲೆ ಏನು ಬರೆದಿತ್ತು?”

“‘ಖರೀದಿಸಿ’ ಎಂದು ಅಜ್ಜ.”

“ಒಳಗೆ ‘ಮಾರಿದ್ದೇವೆ’ ಎಂಬ ಮಾತೇ ಇಲ್ಲವಲ್ಲ! ‘ಪರವಾನಗಿ ಕೊಟ್ಟಿದ್ದೇವೆ, ಮಾರಿಲ್ಲ’ ಎಂದಿದೆ. ನೀನು ಕೊಂಡಿದ್ದೀಯೆ, ಅವರು ಮಾರಿಲ್ಲ. ನಡುವಿನ ನಾಲ್ಕು ಸಾವಿರ ಎಲ್ಲಿಗೆ ಹೋಯಿತು?”

ಈ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೂ ಬಂದಿದೆ. ಕೊಡುವುದು ಪರವಾನಗಿ ಮಾತ್ರವಾದರೆ ಅದನ್ನು ಕೊಳ್ಳುವವನಿಗೆ ಸ್ಪಷ್ಟವಾಗಿ ತಿಳಿಸಬೇಕು, ತಿಳಿಸದೆ ‘ಖರೀದಿಸಿ’ ಎಂದು ಬರೆಯಬಾರದು ಎಂಬ ಕಾನೂನು ಅಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಒಂದು ಕ್ರಿಯಾಪದವನ್ನು ಕಾಪಾಡಲು ಶಾಸನಸಭೆ ಸೇರಬೇಕಾಯಿತು.

ದೊಡ್ಡಪ್ಪನವರ ತೊಡಕು ಬೇರೆ. ಕೈ ಬದಲಾಯಿಸುವುದಕ್ಕೆ ನಮ್ಮಲ್ಲಿ ಮಾತುಗಳಿಗೆ ಬರವೇ? ಕ್ರಯ, ಆಧಿ, ಭೋಗ್ಯ, ಗೇಣಿ, ಕೋರು, ಬಾಡಿಗೆ, ಎರವಲು, ಕಡ. ಇದು ಯಾವುದು? ಭೋಗ್ಯ ಎನ್ನೋಣವೆಂದರೆ ಅವಧಿ ಮುಗಿದಾಗ ಹಾಕಿದ ದುಡ್ಡು ವಾಪಸು ಬರಬೇಕು. ಬಾಡಿಗೆ ಎನ್ನೋಣವೆಂದರೆ ಬಿಡಿಸುವ ಮುಂಚೆ ನೋಟಿಸು ಬೇಕು. ಗೇಣಿ ಎನ್ನೋಣವೆಂದರೆ 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ; ಇಲ್ಲಿ ಹತ್ತು ವರ್ಷ ಆಡಿದರೂ ಆಡುವವನು ಒಡೆಯನಾಗುವುದಿಲ್ಲ.

ಹತ್ತು ವರ್ಷ ಎಂದದ್ದು ಸುಮ್ಮನೆ ಅಲ್ಲ. ‘ದಿ ಕ್ರ್ಯೂ’ ಎಂಬ ಕಾರು ಓಡಿಸುವ ಆಟ 2014ರಲ್ಲಿ ಮಾರಾಟಕ್ಕೆ ಬಂತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ ಅದರ ಸರ್ವರ್ ನಿಲ್ಲಿಸಿತು. ಆಟದ ಡಿಸ್ಕ್ ಕೈಯಲ್ಲಿ ಇದ್ದವನಿಗೂ ಕಾರು ಮುಂದಕ್ಕೆ ಹೋಗಲಿಲ್ಲ. ಇದನ್ನು ಹುಡುಗ ವಿವರಿಸಿದಾಗ ದೊಡ್ಡಪ್ಪ ತಲೆದೂಗಿದರು: “ಮಾರ್ಚ್ 31. ಲೆಕ್ಕ ಮುಗಿಸಲು ದಿನವನ್ನಾದರೂ ಸರಿಯಾಗಿ ನೋಡಿದ್ದಾರೆ.” ಆ ಸಿಟ್ಟಿನಲ್ಲಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು.

ಇನ್ನು, ಕೊಟ್ಟದ್ದನ್ನು ವಾಪಸು ಒಯ್ಯುವ ಕಲೆ. 2009ರ ಜುಲೈಯಲ್ಲಿ ಅಮೆಜಾನ್ ತಾನೇ ಮಾರಿದ ಒಂದು ಪುಸ್ತಕವನ್ನು ಓದುಗರ ಕಿಂಡಲ್ ಎಂಬ ಇ-ಪುಸ್ತಕ ಓದುವ ಯಂತ್ರಗಳೊಳಗಿಂದ ಅಳಿಸಿಹಾಕಿತು. ಹಕ್ಕಿಲ್ಲದವರು ಯಾರೋ ಅದನ್ನು ಮಾರಾಟಕ್ಕೆ ಇಟ್ಟಿದ್ದರಂತೆ. ದುಡ್ಡು ವಾಪಸು ಕೊಟ್ಟರು, ಸುಳ್ಳಲ್ಲ. ಮಾರಿದ ಎಮ್ಮೆಯನ್ನು ರಾತ್ರಿ ಬಂದು ಬಿಚ್ಚಿಕೊಂಡು ಹೋಗಿ, ಗೂಟಕ್ಕೆ ನೋಟು ಕಟ್ಟಿ ಹೋದಂತೆ. ಆ ಪುಸ್ತಕ ಜಾರ್ಜ್ ಆರ್ವೆಲ್ ಬರೆದ ‘1984’, ಬೇಡದ ಬರಹವನ್ನು ಸರ್ಕಾರವೇ ಅಳಿಸಿಹಾಕುವ ನಾಡಿನ ಕಥೆ. ವಿಡಂಬನೆ ಬರೆಯುವ ನನ್ನಂಥವರ ಕೆಲಸವನ್ನು ಕಂಪನಿಗಳೇ ಮಾಡಿ ಮುಗಿಸಿದರೆ ನಾವು ಹೊಟ್ಟೆಗೆ ಏನು ತಿನ್ನಬೇಕು?

ಮಿರ್ಚಿ ಮುಗಿದ ಮೇಲೆ ದೊಡ್ಡಪ್ಪ ಒಂದು ಬಿಳಿ ಹಾಳೆ ತರಿಸಿದರು. ನಲವತ್ತೊಂದೂ ಹಾಳೆಯನ್ನು ಒಂದರಲ್ಲಿ ಬರೆಯುತ್ತೇನೆ ಎಂದು ಕುಳಿತರು. ಕೈ ನಡುಗುತ್ತದೆ, ಅಕ್ಷರ ಮಾತ್ರ ಮುತ್ತು.

“ಅಶುದ್ಧ ಕ್ರಯಪತ್ರ. ದಾವಣಗೆರೆ ಟೌನ್ ವಾಸಿಯಾದ ನಿಮಗೆ, ಎಲ್ಲಿಯೂ ವಾಸವಿಲ್ಲದ ಕಂಪನಿಯವರಾದ ನಾವು ಬರೆದುಕೊಟ್ಟ ಪತ್ರದ ಕ್ರಮವೇನೆಂದರೆ: ನಮ್ಮ ಸ್ವಯಾರ್ಜಿತವಾದ ಆಟವೊಂದನ್ನು ನಿಮಗೆ ಕೊಟ್ಟಂತೆ ಮಾಡಿ, ಕ್ರಯದ ಹಣ ಪೂರ್ತಿಯಾಗಿ ಮುಟ್ಟಿಸಿಕೊಂಡಿರುತ್ತೇವೆ. ಸದರಿ ಸ್ವತ್ತನ್ನು ನೀವು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಕೂಡದು. ದಾನ, ಆಧಿ, ಕ್ರಯ, ವಿನಿಮಯಾದಿ ಯಾವ ವ್ಯವಹಾರಕ್ಕೂ ನೀವು ಬಾಧ್ಯರಲ್ಲ. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮುಂತಾದ ಅಷ್ಟಭೋಗಗಳು ನಮ್ಮವು. ಕರೆಂಟು ಬಿಲ್ಲು ನಿಮ್ಮದು. ಸ್ವತ್ತಿನ ಬಗ್ಗೆ ಯಾರಾದರೂ ತಂಟೆ ತಕರಾರು ಮಾಡಿದಲ್ಲಿ, ಮಾಡುವವರು ನಾವೇ ಆದ್ದರಿಂದ, ಪರಿಹಾರ ಕೇಳಲಾಗದು. ಚೆಕ್ಕುಬಂದಿ: ಪೂರ್ವಕ್ಕೆ ಮೋಡ, ಪಶ್ಚಿಮಕ್ಕೆ ಮೋಡ, ಉತ್ತರಕ್ಕೆ ಕಡಿದ ಕೇಬಲ್ಲು, ದಕ್ಷಿಣಕ್ಕೆ ಬಾಯಿ ತೆರೆದ ಚರಂಡಿ. ಸಾಕ್ಷಿಗಳು: ಒಂದು, ಸರ್ವರ್. ಎರಡು, ಸರ್ವರ್ ಇದ್ದರೆ.”

‘ಪುತ್ರ ಪೌತ್ರ’ದ ಮಾತು ಕೇವಲ ತಮಾಷೆಗಲ್ಲ. ಸ್ಟೀಮ್ ಎಂಬ ದೊಡ್ಡ ಗೇಮ್ ಅಂಗಡಿಯ ಕರಾರು ಕೊಳ್ಳುವವನನ್ನು ಗ್ರಾಹಕ ಎನ್ನುವುದಿಲ್ಲ, ಚಂದಾದಾರ ಎನ್ನುತ್ತದೆ. ಅವನ ಖಾತೆಯನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಪೌತಿ ಖಾತೆಗೆ ಅವಕಾಶವಿಲ್ಲದ ಖಾತೆಯನ್ನು ದೊಡ್ಡಪ್ಪ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಈ ರೋಗ ಆಟಕ್ಕಷ್ಟೇ ಇದ್ದಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ. 2022ರಲ್ಲಿ ಬಿಎಂಡಬ್ಲ್ಯೂ ಕೆಲವು ದೇಶಗಳಲ್ಲಿ ಕಾರಿನ ಸೀಟು ಬಿಸಿ ಮಾಡಲು ತಿಂಗಳ ಚಂದಾ ಕೇಳಿತು. ಬಿಸಿ ಮಾಡುವ ತಂತಿ ಸೀಟಿನೊಳಗೆ ಮೊದಲೇ ಇದೆ, ಚಂದಾ ಕಟ್ಟಿದರೆ ಎಚ್ಚರವಾಗುತ್ತದೆ. ಜನ ಉಗಿದ ಮೇಲೆ ಮರುವರ್ಷ ಕೈಬಿಟ್ಟರು. ದಾವಣಗೆರೆಯಲ್ಲಿ ಆ ಯೋಜನೆ ನಡೆಯುತ್ತಿರಲಿಲ್ಲ. ಇಲ್ಲಿ ಸೀಟು ಬಿಸಿ ಮಾಡಲು ಏಪ್ರಿಲ್ ತಿಂಗಳಿದೆ, ಅದು ಪುಕ್ಕಟೆ.

ಮಂಗಳವಾರ ಸಂಜೆ ಕೇಬಲ್ ಸರಿಯಾಯಿತು. ದೊಡ್ಡಪ್ಪನವರೂ ನಾನೂ ಹುಡುಗನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆವು. ನಾಲ್ಕು ಸಾವಿರದ ಆಟ ಹೇಗಿದೆ ಎಂದು ನೋಡುವ ಆಸೆ ಯಾರಿಗಿಲ್ಲ? ಹನ್ನೆರಡು ಜಿ.ಬಿ. ಇಳಿಯುವವರೆಗೆ ಊಟವಾಯಿತು, ದೊಡ್ಡಪ್ಪನವರಿಗೆ ಒಂದು ಕೋಳಿನಿದ್ದೆಯೂ ಆಯಿತು. ಕೊನೆಗೆ ಪರದೆ ಬೆಳಗಿತು. ಮೊದಲು ಬಂದದ್ದು ಆಟವಲ್ಲ, ಒಂದು ಸೂಚನೆ: ನಮ್ಮ ಕರಾರಿನ ಷರತ್ತುಗಳು ಬದಲಾಗಿವೆ, ಮುಂದುವರಿಯಲು ಒಪ್ಪಿಗೆ ಕೊಡಿ.

ಹುಡುಗ ದೊಡ್ಡಪ್ಪನವರ ಮುಖ ನೋಡಿದ. ದೊಡ್ಡಪ್ಪ ತಮ್ಮ ಮಡಿಲಿನಲ್ಲಿದ್ದ, ಕೆಂಪು ಗೆರೆ ತುಂಬಿದ ನಲವತ್ತೊಂದು ಹಾಳೆಗಳನ್ನು ನೋಡಿದರು. ಕ್ಲಿಕ್ ಎಂಬ ಸದ್ದು ಕೇಳಿಸಿತು.

“ಈ ಹಾಳೆಗಳನ್ನು ಏನು ಮಾಡಲಿ ಅಜ್ಜ, ಎಸೆಯಲೇ?”

“ಬೇಡ, ಇಡು,” ಎಂದು ಅವರು ಕಟ್ಟನ್ನು ಮಗುಚಿದರು. “ಹಿಂದಿನ ಮಗ್ಗುಲು ಖಾಲಿ ಇದೆ. ಹಾಲಿನ ಲೆಕ್ಕಕ್ಕೆ ಆಗುತ್ತದೆ.”