ಪ್ಯಾನ್-ಡಿ ನುಂಗುತ್ತಲೇ ಮಾಡಿಸಿದ ಟೆಸ್ಟು

ನಮ್ಮಲ್ಲಿ "ಗ್ಯಾಸ್ಟ್ರಿಕ್" ಅನ್ನುವುದೇ ಒಂದು ಕಾಯಿಲೆಯ ಹೆಸರಾಗಿಬಿಟ್ಟಿದೆ. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಬೆನ್ನು ಚಳುಕು, ಎಲ್ಲವೂ ಗ್ಯಾಸ್ಟ್ರಿಕ್ಕೇ. ಹೃದಯಾಘಾತಕ್ಕೂ ಎಷ್ಟೋ ಸಲ ಮೊದಲ ಅರ್ಧ ಗಂಟೆ ಅದೇ ಹೆಸರು. (ಹೊಟ್ಟೆಯ ಮೇಲ್ಭಾಗ ಹಿಂಡಿದಂತಾಗಿ ಬೆವರು ಕಿತ್ತುಕೊಂಡರೆ ಇನೋ ಕಲಸುತ್ತಾ ಕೂರಬೇಡಿ. ಮೊದಲು ಇಸಿಜಿ.)

ಹೃದಯಾಘಾತದ ಮಾತು ಬಿಟ್ಟರೆ, ಹೆಸರು ತಪ್ಪಿದರೆ ಅಷ್ಟೇನೂ ನಷ್ಟವಿಲ್ಲ. ನಷ್ಟ ಆಗುವುದು ಆ ಹೆಸರು ಹೇಳಿ ಮೆಡಿಕಲ್ ಸ್ಟೋರಿನಿಂದ ತಂದ ಪ್ಯಾಂಟೊಪ್ರಜೋಲ್ (ಪ್ಯಾನ್-ಡಿಯಲ್ಲಿ ಇರುವುದು ಇದೇ), ರೇಬಿಪ್ರಜೋಲ್ ಎಂಬ ಆಮ್ಲ ಇಳಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ, ಆಮೇಲೆ ಒಂದು ದಿನ ಟೆಸ್ಟಿಗೆ ಹೋದಾಗ. ರಿಪೋರ್ಟಿನಲ್ಲಿ "ಎಚ್. ಪೈಲೋರಿ ನೆಗೆಟಿವ್" ಅಂತ, ಅಂದರೆ ಜಠರದಲ್ಲಿ ಹುಣ್ಣು ಮಾಡುವ ಆ ಹೆಸರಿನ ಬ್ಯಾಕ್ಟೀರಿಯಾ ಇಲ್ಲ ಅಂತ ಬರುತ್ತದೆ, ಮನೆಮಂದಿಯೆಲ್ಲ ನಿರಾಳವಾಗುತ್ತಾರೆ. ಆದರೆ ಆ ಟೆಸ್ಟು ಮಾಡಿಸಬೇಕಾದ ದಿನವೇ ಅದಲ್ಲ.

ಈ ಬ್ಯಾಕ್ಟೀರಿಯಾ ಜಠರದ ಆಮ್ಲದಲ್ಲಿ ಬದುಕುವುದು ಯೂರಿಯೇಸ್ ಎಂಬ ಕಿಣ್ವದ ಬಲದಿಂದ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತ ಆಮ್ಲವನ್ನು ತಣಿಸುತ್ತದೆ. ಎಂಡೋಸ್ಕೋಪಿ ಕೋಣೆಯಲ್ಲಿ ಮಾಡುವ ಯೂರಿಯೇಸ್ ಟೆಸ್ಟು, ಉಸಿರಿನ ಟೆಸ್ಟು, ಎರಡೂ ಹಿಡಿಯುವುದು ಇದೇ ಕಿಣ್ವದ ಕೆಲಸವನ್ನು. ಆಮ್ಲ ಇಳಿಸುವ ಮಾತ್ರೆ ನುಂಗಿದಾಗ ಬ್ಯಾಕ್ಟೀರಿಯಾದ ಸಂಖ್ಯೆ ಕುಗ್ಗುತ್ತದೆ, ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ. ಸಾಯುವುದಿಲ್ಲ, ಅಡಗುತ್ತದೆ. ಅದಕ್ಕೇ ಟೆಸ್ಟಿಗೆ 2 ವಾರ ಮೊದಲು ಈ ಮಾತ್ರೆ ನಿಲ್ಲಬೇಕು. ಆಂಟಿಬಯೋಟಿಕ್ ಮತ್ತು ಬಿಸ್ಮತ್ (ಹೊಟ್ಟೆಗೆ ಕೊಡುವ ಇನ್ನೊಂದು ಔಷಧಿ) ಆದರೆ 4 ವಾರ ಮೊದಲು. ಆ 2 ವಾರ ಉರಿ ತಡೆಯದಿದ್ದರೆ ಆಂಟಾಸಿಡ್ ಜೆಲ್ ಆಗುತ್ತದೆ, ಟೆಸ್ಟಿನ ಹಿಂದಿನ ದಿನ ಅದನ್ನೂ ಬಿಡಿ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು, ಹಿಂದೆ ಹುಣ್ಣಿನಿಂದ ರಕ್ತ ಹೋದವರು ಮಾತ್ರ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಯಾವ ಟೆಸ್ಟು? ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಜಿ ಟೆಸ್ಟನ್ನು ನಮ್ಮ ಲ್ಯಾಬ್‌ಗಳ ಪ್ಯಾಕೇಜಿನಿಂದ ಕಿತ್ತುಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಸೋಂಕು ವಾಸಿಯಾದ ಮೇಲೂ ಆ ಪ್ರತಿಕಾಯ ತಿಂಗಳು, ವರ್ಷಗಟ್ಟಲೆ ರಕ್ತದಲ್ಲಿರುತ್ತದೆ. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ವಯಸ್ಕರಿಗೆ ಈ ಸೋಂಕು ತಗುಲಿರುತ್ತದೆ, ಅದೂ ಬಹುಪಾಲು ಬಾಲ್ಯದಲ್ಲಿ, ಮನೆಯೊಳಗೇ. ಇಂಥ ಕಡೆ "ಪಾಸಿಟಿವ್" ಎಂಬ ರಕ್ತದ ರಿಪೋರ್ಟು ಹೇಳುವುದು ಹಳೇ ಕಥೆಯನ್ನು. ಮಲದಲ್ಲಿ ಆಂಟಿಜೆನ್ (ಬ್ಯಾಕ್ಟೀರಿಯಾದ್ದೇ ಅಂಶ) ನೋಡುವ ಟೆಸ್ಟು ಇವತ್ತಿನದನ್ನು ಹೇಳುತ್ತದೆ: ಸ್ವಲ್ಪ ಮಲ ಸಾಕು, ನೀರು, ಮೂತ್ರ ಬೆರೆಯಬಾರದು, ಅವತ್ತೇ ಲ್ಯಾಬಿಗೆ ಹೋಗಬೇಕು. ಉಸಿರಿನ ಟೆಸ್ಟಿಗೆ ಖಾಲಿ ಹೊಟ್ಟೆ ಬೇಕು. ಅದರಲ್ಲಿ ವಿಕಿರಣ ಸೂಸುವ ಕಾರ್ಬನ್-14 ಬಳಸುವ ಬಗೆ ಗರ್ಭಿಣಿಯರಿಗೂ ಮಕ್ಕಳಿಗೂ ಬೇಡ, ಕಾರ್ಬನ್-13 ಆಗುತ್ತದೆ.

ಎಂಡೋಸ್ಕೋಪಿಯಲ್ಲಿ ಜಠರದ ಒಳಪದರದ ಒಂದೇ ಚೂರು ತೆಗೆದು ಯೂರಿಯೇಸ್ ಕಿಟ್ಟಿಗೆ ಹಾಕುವುದು ಇನ್ನೊಂದು ಎಡವಟ್ಟು. ಜಠರದ ಕೆಳಭಾಗದಿಂದ ಒಂದು, ನಡುಭಾಗದಿಂದ ಒಂದು, ಕನಿಷ್ಠ ಎರಡು ಚೂರು ಬೇಕು. ಹಳದಿ ಕಿಟ್ಟು ಗುಲಾಬಿಯಾದರೆ ಪಾಸಿಟಿವ್. 24 ಗಂಟೆ ಕಳೆದ ಮೇಲೆ ಬಣ್ಣ ತಿರುಗಿದರೆ ಲೆಕ್ಕಕ್ಕಿಲ್ಲ. ಹುಣ್ಣಿನಿಂದ ರಕ್ತ ಹರಿಯುತ್ತಿದ್ದಾಗ ಬಂದ ನೆಗೆಟಿವ್ ಅನ್ನೂ ನಂಬುವಂತಿಲ್ಲ, ಆಮೇಲೆ ಮತ್ತೆ ನೋಡಬೇಕು.

ಪಾಸಿಟಿವ್ ಬಂದವರಿಗೆ ಕೊಡುವ, ಸಾಮಾನ್ಯವಾಗಿ 14 ದಿನದ ಆಂಟಿಬಯೋಟಿಕ್ ಕೋರ್ಸು ಮುಗಿದು 4 ವಾರವಾದ ಮೇಲೆ ಉಸಿರು ಅಥವಾ ಮಲದ ಟೆಸ್ಟು ಮರುಮಾಡಿಸಬೇಕು, ಆಗಲೂ ಆಮ್ಲ ಇಳಿಸುವ ಮಾತ್ರೆ 2 ವಾರ ನಿಲ್ಲಿಸಿಯೇ. ಇದನ್ನು ಮಾಡಿಸುವವರು ಬಲು ಕಡಿಮೆ. ಈ ಕೋರ್ಸಿನಲ್ಲಿ ಬರುವ ಆಂಟಿಬಯೋಟಿಕ್ಕುಗಳಾದ ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳು ನಮ್ಮಲ್ಲಿ ಹೇರಳ. ಉರಿ ಹೋಯಿತೆಂದರೆ ಸೋಂಕೂ ಹೋಯಿತು ಅಂತಲ್ಲ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು? ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ದರ್ಜೆಗೆ ಸೇರಿಸಿದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ಜಠರ ಮತ್ತು ಅನ್ನನಾಳದ ಕ್ಯಾನ್ಸರ್ ಎರಡೂ ಇಲ್ಲಿ ಮುಂಚೂಣಿಯ ಪಟ್ಟಿಯಲ್ಲೇ ಕಾಣಿಸಿಕೊಳ್ಳುತ್ತಾ ಬಂದಿವೆ. ಜಠರದ ಕ್ಯಾನ್ಸರಿನಲ್ಲಿ ದೇಶಕ್ಕೇ ಮುಂದಿರುವುದು ಮಿಜೋರಾಂನ ಐಜ್ವಾಲ್. ಹಾಗಂತ ಜಪಾನ್, ಕೊರಿಯಾ ಮಾಡಿದಂತೆ ಇಲ್ಲೂ ಒಂದು ವಯಸ್ಸು ದಾಟಿದ ಎಲ್ಲರಿಗೂ 2 ವರ್ಷಕ್ಕೊಮ್ಮೆ ತಪಾಸಣೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸೋಂಕು ಇಷ್ಟು ವ್ಯಾಪಕವಾಗಿದ್ದರೂ ನಮ್ಮ ಬಹುಪಾಲು ಕಡೆ ಕ್ಯಾನ್ಸರ್ ಪ್ರಮಾಣ ಅವರಿಗಿಂತ ತೀರಾ ಕಡಿಮೆ. ಎಂಡೋಸ್ಕೋಪಿ ಬೇಕಾದವರಿಗೆ ಬೇಗ ಸಿಕ್ಕರೆ ಸಾಕು.

ಬೇಕಾದವರು ಯಾರು? ರಕ್ತಹೀನತೆಗೆ ಕಾರಣ ಸಿಗದವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಪದೇ ಪದೇ ವಾಂತಿಯಾಗುವವರು, ಕಪ್ಪು ಮಲ ಹೋಗುವವರು. ಕಬ್ಬಿಣದ ಮಾತ್ರೆ, ಬಿಸ್ಮತ್ ನುಂಗಿದರೂ ಮಲ ಕಪ್ಪಾಗುತ್ತದೆ, ಆದರೆ ರಕ್ತ ಹೋಗಿದ್ದರೆ ಅದು ಡಾಂಬರಿನಂತೆ ಅಂಟಂಟು, ವಾಸನೆಯೂ ಬೇರೆ. ಇವರೆಲ್ಲರಿಗಿಂತ ಮೊದಲು, ನುಂಗಲು ಕಷ್ಟವಾಗುವವರು.

ಅನ್ನನಾಳ ಕಿರಿದಾಗುತ್ತಿರುವುದು ಊಟದಲ್ಲೇ ಗೊತ್ತಾಗುತ್ತದೆ. ಮೊದಲು ರೊಟ್ಟಿ, ಚಪಾತಿ ಬಿಡುತ್ತಾರೆ, ಆಮೇಲೆ ಅನ್ನವನ್ನು ಸಾರಿನಲ್ಲಿ ಕಿವುಚಿ ಉಣ್ಣುತ್ತಾರೆ, ಕೊನೆಗೆ ಗಂಜಿ. ಮನೆಯವರಿಗೆ ಅದು "ವಯಸ್ಸಾಯ್ತಲ್ಲ, ಹಲ್ಲಿಲ್ಲ". ಗಟ್ಟಿ ಆಹಾರ ಸಿಕ್ಕಿಕೊಳ್ಳಲು ಶುರುವಾಗುವ ಹೊತ್ತಿಗೆ ನಾಳ ಸುಮಾರು 13 ಮಿಲಿಮೀಟರಿಗೆ ಕುಗ್ಗಿರುತ್ತದೆ, ಆದ್ದರಿಂದ ಕಾಯುವಂತಿಲ್ಲ. ಹೊಗೆಸೊಪ್ಪು, ಗುಟ್ಕಾ, ಬೀಡಿ, ಹೆಂಡದ ಅಭ್ಯಾಸ ಇದ್ದವರಾದರೆ ಅದೇ ವಾರ ಎಂಡೋಸ್ಕೋಪಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೇ, ಮಲೆನಾಡಿನ ಸ್ನೇಹಿತರು ಬೈದರೂ ಪರವಾಗಿಲ್ಲ.

ಶುರುವಿನಿಂದಲೇ ಗಟ್ಟಿ ಆಹಾರ, ನೀರು ಎರಡೂ ನಿಲ್ಲುತ್ತವೆ, ರಾತ್ರಿ ಮಲಗಿದಾಗ ಉಂಡದ್ದು ಬಾಯಿಗೆ ಬರುತ್ತದೆ ಅನ್ನುವವರದು ಬೇರೆ ದಾರಿ. ಅಲ್ಲಿ ಅನ್ನನಾಳದ ಕೆಳಗಿನ ಬಿಗಿ ಸ್ನಾಯು ಸಡಿಲುವುದಿಲ್ಲ. ಅದಕ್ಕೆ ಅಕಲೇಸಿಯಾ ಅನ್ನುತ್ತಾರೆ. ಮೊದಮೊದಲು ಎಂಡೋಸ್ಕೋಪಿ ಸರಿಯಾಗೇ ಕಾಣಬಹುದು. "ನಾರ್ಮಲ್" ಎಂದು ಮತ್ತೆ ಪ್ಯಾನ್-ಡಿ ಬರೆದು ಕಳಿಸಿದರೆ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಮತ್ತು ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಯಾಕೆ ಬೇಡ ಅಂತ ಅಲ್ಲೇ ಕೇಳಿ.