ಮಡಕೆ ಯಾರ ಮನೆಯದು?

ಕಳೆದ ಮೇ ತಿಂಗಳಲ್ಲಿ ಕಾರವಾರದ ಮನೆಗೆ ಬಂದಿದ್ದಾಗ ಅಣ್ಣನ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಕಾಳಿ ನದಿಯ ದಂಡೆಯ ಸ್ಮಶಾನದಲ್ಲಿ ರಾತ್ರಿ ಹೆಂಗಸೊಬ್ಬಳು ಅಳುತ್ತಾಳೆಂಬ ಮಾತನ್ನು ಪರೀಕ್ಷಿಸಲು ಅವನೂ ಗೆಳೆಯರೂ ಟಾರ್ಚ್ ಹಿಡಿದು ಹೋಗಿದ್ದರು. ಬೂದಿಯ ಬದಿಗೆ ಒಡೆದು ಬಿದ್ದಿದ್ದ ಮಡಕೆಯನ್ನು ಒಬ್ಬ ಒದ್ದ, ಉಳಿದವರು ನಕ್ಕರು. ಪಕ್ಕದ ಮನೆಯ ಅಕ್ಕನ ಯಜಮಾನರು ತೀರಿಕೊಂಡು ಆಗಿನ್ನೂ ಹನ್ನೊಂದು ದಿನ ಕಳೆದಿರಲಿಲ್ಲ. ಯಾರದೋ ಮೊಬೈಲಿನಲ್ಲಿ ಅದನ್ನು ನೋಡಿದ್ದ ಆಕೆ ನನ್ನೊಡನೆ ಆಡಿದ್ದು ಒಂದೇ ಮಾತು: "ಅದು ನಮ್ಮನೆಯವರ ಮಡಕೆ, ತಮಾ."

ಒಂಬತ್ತು ವರ್ಷಗಳಿಂದ ನಾನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದೇನೆ. ಅಲ್ಲಿನ ಗ್ರೇಫ್ರಯರ್ಸ್ ಸ್ಮಶಾನ ದೆವ್ವದ ಕಥೆಗಳಿಗೇ ಹೆಸರಾದದ್ದು. ಧರ್ಮದ ವಿಷಯದಲ್ಲಿ ದೊರೆಗೆ ಎದುರು ನಿಂತ ಸಾವಿರಕ್ಕೂ ಹೆಚ್ಚು ಜನರನ್ನು 1679ರಲ್ಲಿ ಅದಕ್ಕೆ ಹೊಂದಿದ ಬಯಲಿನಲ್ಲಿ ಕೂಡಿಹಾಕಿದ್ದರು. ಅಂಥವರನ್ನು ಬೇಟೆಯಾಡಿದ ವಕೀಲ ಜಾರ್ಜ್ ಮೆಕೆಂಜಿಯ ಗೋರಿಯೂ ಅಲ್ಲಿಯೇ ಇದ್ದು, ಅವನೇ ಇಂದಿಗೂ ಕಾಡುತ್ತಾನೆಂದು ಜನರ ಮಾತು. ಆ ಬಯಲಿನ ಗೇಟಿಗೆ ಬೀಗವಿದೆ. ನಾನು ಹೋದ ರಾತ್ರಿ ಮಾರ್ಗದರ್ಶಕಿ ಬೀಗ ತೆಗೆಯುವ ಮುನ್ನ, ಕಲ್ಲುಗಳಿಗೆ ಒರಗಬೇಡಿ, ಗಟ್ಟಿಯಾಗಿ ಮಾತಾಡಬೇಡಿ ಎಂದು ಮೆಲುದನಿಯಲ್ಲಿ ಹೇಳಿದಳು, ಅಷ್ಟಕ್ಕೇ ಇಡೀ ಗುಂಪು ತೆಪ್ಪಗಾಯಿತು. 2003ರಲ್ಲಿ ಮೆಕೆಂಜಿಯ ಗೋರಿಗೆ ನುಗ್ಗಿ ತಲೆಬುರುಡೆಯೊಂದನ್ನು ಹೊರತೆಗೆದ ಇಬ್ಬರು ಹದಿಹರೆಯದವರನ್ನು ಮರುವರ್ಷ ನ್ಯಾಯಾಲಯ ತಪ್ಪಿತಸ್ಥರೆಂದು ಸಾರಿತ್ತು. ಮುನ್ನೂರು ವರ್ಷದ ಹಿಂದಿನ ಸತ್ತವರಿಗೆ ಅಲ್ಲಿ ಸಿಗುವ ಮರ್ಯಾದೆ, ನಿನ್ನೆಯಷ್ಟೇ ಸತ್ತವರಿಗೆ ನಮ್ಮೂರಲ್ಲಿ ಸಿಗದಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಆರಿಲ್ಲ. ಕುತೂಹಲವಿದ್ದರೆ ಹಗಲಲ್ಲಿ ಹೋಗಬಹುದು, ಕಾಯುವವರನ್ನು ಕೇಳಬಹುದು, ಬೂದಿಯನ್ನು ಬಳಸಿ ನಡೆಯಬಹುದು, ಹಸಿ ಚಿತೆಯ ಮುಂದೆ ಕ್ಯಾಮೆರಾ ಎತ್ತದಿರಬಹುದು.

ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅಲ್ಲಿಯವರು ಆ ಭಯವನ್ನು ಟಿಕೆಟ್ಟಿಗೆ ಮಾರುತ್ತಾರೆ. ಹಿಂದೆ ಹೆಣ ಕದಿಯುವವರಿಂದ ರಕ್ಷಿಸಲು ಗೋರಿಗಳ ಮೇಲೆ ಹೊದಿಸಿದ ಕಬ್ಬಿಣದ ಪಂಜರಗಳು ಇಂದಿಗೂ ಅಲ್ಲಿವೆ. ನನ್ನ ಅಜ್ಜಿಗೆ ಇಂಥ ಯಾವ ಕಾವಲೂ ಬೇಕಿರಲಿಲ್ಲ: ಸ್ಮಶಾನದತ್ತ ಬೆರಳು ತೋರಿಸಿದರೆ ಕೈಗೆ ಹೊಡೆಯುತ್ತಿದ್ದಳು, ಅಲ್ಲಿಂದ ಬಂದವರು ಮೀಯದೆ ಹೊಸ್ತಿಲು ದಾಟುವಂತಿರಲಿಲ್ಲ. ಅದನ್ನು ಮುಂದಿನವರಿಗೆ ಕಲಿಸದೆ ಊರು ಬಿಟ್ಟವರಲ್ಲಿ ನಾನೂ ಒಬ್ಬ.

ಹುಡುಗರು ವಿಡಿಯೋ ಅಳಿಸಿದ್ದಾರೆ. ಆ ಅಕ್ಕನ ಮನೆಯ ಮೆಟ್ಟಿಲು ಹತ್ತಲು ಮಾತ್ರ ಯಾರಿಗೂ ಇನ್ನೂ ಧೈರ್ಯ ಬಂದಿಲ್ಲ.